ಎ, ಬಿ, ಸಿ ಮತ್ತು ಒಂದು ತಪ್ಪು ವಿಳಾಸ

ರಜೆಗೆಂದು ಬಂದಿದ್ದ ನನ್ನ ಮೊಮ್ಮಗಳು ಹಳೆಯ ಟ್ರಂಕಿನಿಂದ ಒಂದು ಪುಸ್ತಕ ಎತ್ತಿಕೊಂಡಳು. ಅಗಾಥಾ ಕ್ರಿಸ್ಟಿ ಬರೆದ ‘ದಿ ಎಬಿಸಿ ಮರ್ಡರ್ಸ್’, 1936ರಲ್ಲಿ ಬಂದ ಪತ್ತೇದಾರಿ ಕಾದಂಬರಿ. ಅರ್ಧ ಓದಿದವಳೇ ಓಡಿಬಂದು, “ತಾತ, ಕೊಲೆಗಾರ ಯಾರು ಅಂತ ಗೊತ್ತಾಯ್ತು!” ಎಂದಳು.

ಮಕ್ಕಳೇ, ಮೊದಲು ಕಥೆ ಕೇಳಿ. ಹರ್ಕ್ಯೂಲ್ ಪೊಯ್ರೊ ಎಂಬ ಪತ್ತೇದಾರನಿಗೆ ಒಂದು ಪತ್ರ ಬರುತ್ತದೆ. ಇಂಥ ತಾರೀಖು, ಆಂಡೋವರ್ ಊರನ್ನು ಗಮನಿಸು ಎಂಬ ಸವಾಲು. ಕೆಳಗೆ ಸಹಿ ‘ಎಬಿಸಿ’. ಅದೇ ದಿನ ಆಂಡೋವರಿನಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡಿದ್ದ ಆಲಿಸ್ ಆಶರ್ ಎಂಬ ಮುದುಕಿಯ ಕೊಲೆ. ಪಕ್ಕದಲ್ಲಿ ಬೋರಲಾಗಿ ಇಟ್ಟ ರೈಲ್ವೆ ವೇಳಾಪಟ್ಟಿ. ಊರುಗಳ ಹೆಸರನ್ನು ಅಕ್ಷರಾನುಕ್ರಮದಲ್ಲಿ ಕೊಡುವ ಆ ಪುಸ್ತಕದ ಹೆಸರೂ ‘ಎಬಿಸಿ’. ಆಮೇಲೆ ಬೆಕ್ಸ್‌ಹಿಲ್‌ನಲ್ಲಿ ಬೆಟ್ಟಿ ಬರ್ನಾರ್ಡ್. ಬಳಿಕ ಚರ್ಸ್ಟನ್‌ನಲ್ಲಿ ಸರ್ ಕಾರ್ಮೈಕಲ್ ಕ್ಲಾರ್ಕ್. ಒಬ್ಬಳು ಬಡ ಮುದುಕಿ, ಒಬ್ಬಳು ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗಿ, ಒಬ್ಬ ಶ್ರೀಮಂತ. ಅಕ್ಷರ ಬಿಟ್ಟರೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ.

ಪೊಯ್ರೊ ನಾವು ಸಿನಿಮಾದಲ್ಲಿ ನೋಡುವಂಥ ಪತ್ತೇದಾರನಲ್ಲ. ಬೆಲ್ಜಿಯಂನಿಂದ ಇಂಗ್ಲೆಂಡಿಗೆ ವಲಸೆ ಬಂದ ನಿವೃತ್ತ ಪೊಲೀಸ್ ಅಧಿಕಾರಿ. ಕುಳ್ಳ, ಮೊಟ್ಟೆಯಾಕಾರದ ತಲೆ, ಮೀಸೆಯ ಮೇಲೆ ವಿಪರೀತ ಮೋಹ. ನೆಲದ ಮೇಲೆ ತೆವಳಿ ಸಿಗರೇಟಿನ ಬೂದಿ ಹುಡುಕುವವನಲ್ಲ. ಕುರ್ಚಿಯಲ್ಲಿ ಕೂತು ಜನರನ್ನು ಮಾತಾಡಿಸುತ್ತಾನೆ. ಸತ್ತವರ ಬಂಧುಗಳನ್ನೆಲ್ಲ ಒಂದೆಡೆ ಸೇರಿಸಿ ಹರಟೆಗೆ ಬಿಡುತ್ತಾನೆ. ಎಷ್ಟು ಜಾಣನಾದರೂ ಮನುಷ್ಯ ಮಾತಾಡುತ್ತಾ ಹೋದರೆ ತನ್ನನ್ನು ತಾನೇ ತೋರಿಸಿಕೊಳ್ಳುತ್ತಾನೆ ಎಂಬುದು ಅವನ ನಂಬಿಕೆ. ಹೊಸ ಇನ್ಸ್‌ಪೆಕ್ಟರ್ ಕ್ರೋಮ್‌ಗೆ ಈ ಮುದುಕನ ಪದ್ಧತಿ ಕಂಡರೆ ಒಳಗೊಳಗೇ ತಾತ್ಸಾರ.

ನನ್ನಂಥ ಗುಮಾಸ್ತನಿಗೆ ಹಿಡಿಸಿದ್ದು ಮೂರನೇ ಪತ್ರ. ಪೊಯ್ರೊ ಇರುವ ಕಟ್ಟಡ ‘ವೈಟ್‌ಹೇವನ್’. ಲಕೋಟೆಯ ಮೇಲೆ ಟೈಪಾಗಿದ್ದದ್ದು ‘ವೈಟ್‌ಹಾರ್ಸ್’. ಹಾಗಾಗಿ ಪತ್ರ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ಕೊಲೆಗೆ ಹೇಳಿದ್ದ ದಿನವೇ ಬಂದುಬಿಟ್ಟಿರುತ್ತದೆ. ಅದು ಕೈತಪ್ಪೋ, ಬೇಕೆಂದೇ ಮಾಡಿದ್ದೋ? ಓದುವಾಗ ಅಲ್ಲಿ ಸ್ವಲ್ಪ ನಿಲ್ಲಿ. ಇಷ್ಟಕ್ಕಿಂತ ಹೆಚ್ಚು ಹೇಳಲಾರೆ.

ಮೊಮ್ಮಗಳು ಹಿಡಿದ ‘ಕಳ್ಳ’ ಅಲೆಕ್ಸಾಂಡರ್ ಬೋನಪಾರ್ಟ್ ಕಸ್ಟ್. ಇಬ್ಬರು ಮಹಾವೀರರ ಹೆಸರು ಹೊತ್ತ ಪುಕ್ಕಲ. ಯುದ್ಧದಿಂದ ಬಂದಮೇಲೆ ತಲೆನೋವು, ಮರೆವು. ಕಾಲುಚೀಲ ಮಾರುತ್ತಾ ಊರೂರು ಅಲೆಯುತ್ತಾನೆ. ಕೊಲೆಯಾದ ಊರಿನಲ್ಲೆಲ್ಲ ಇದ್ದಾನೆ. ತಾನು ಏನು ಮಾಡಿದೆನೆಂದು ಅವನಿಗೇ ಖಾತ್ರಿಯಿಲ್ಲ.

“ಹೆದರ್ತಾನಲ್ಲ ತಾತ, ಅವನೇ!” ಎಂದಳು. ನನಗೆ ನಮ್ಮ ಶಾಖೆಯ ಜವಾನ ನೆನಪಾದ.

ಒಂದು ಸಂಜೆ ಕ್ಯಾಷ್‌ನಲ್ಲಿ 360 ರೂಪಾಯಿ ಕಡಿಮೆ. ಆಗಿನ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಮಧ್ಯಾಹ್ನ ಕೌಂಟರ್ ಒಳಗೆ ಚಹಾ ತಂದುಕೊಟ್ಟವನು ಅವನೊಬ್ಬನೇ. ಎಲ್ಲರೂ ಅವನ ಮುಖ ನೋಡಿದರು. ಅವನ ಕೈ ನಡುಗುತ್ತಿತ್ತು. ನಡುಗುವ ಕೈಯೇ ಸಾಕ್ಷಿ ಎಂದು ನಾನೂ ಅಂದುಕೊಂಡೆ. ರಾತ್ರಿ ನಿದ್ದೆ ಬರಲಿಲ್ಲ. 360 ಅನ್ನು 9ರಿಂದ ಭಾಗಿಸಿದರೆ ಶೇಷ ಉಳಿಯುವುದಿಲ್ಲ! ಅಂಕಿಗಳು ಹಿಂದುಮುಂದಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ, ಇದು ಲೆಕ್ಕ ಬರೆಯುವವರಿಗೆ ಗೊತ್ತಿರುವ ಗುಟ್ಟು. ಬೆಳಿಗ್ಗೆ ಚಲನ್‌ಗಳನ್ನೆಲ್ಲ ತಿರುವಿಹಾಕಿದೆ. ಗಿರಾಕಿ ಕಟ್ಟಿದ್ದು 1,260. ಪುಸ್ತಕದಲ್ಲಿದ್ದದ್ದು 1,620. ಬರವಣಿಗೆ ನನ್ನದೇ.

ತಪ್ಪು ತಿದ್ದಿ ಸಹಿ ಹಾಕಿದೆ. ಅವನ ಹತ್ತಿರ ಹೋಗಿ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಅವತ್ತೂ ಹನ್ನೊಂದು ಗಂಟೆಗೆ ಎಂದಿನಂತೆ ನನ್ನ ಮೇಜಿಗೆ ಚಹಾ ತಂದಿಟ್ಟು ಹೋದ.

“ಹಾಗಾದ್ರೆ ಕಸ್ಟ್ ಅಲ್ವಾ ತಾತ?” ಎಂದು ಮೊಮ್ಮಗಳು ಕೇಳಿದಳು.

“ನಾನು ಹಾಗೂ ಹೇಳಲಿಲ್ಲ, ಹೀಗೂ ಹೇಳಲಿಲ್ಲ. ಮುಂದೆ ಓದು ಪುಟ್ಟಿ.”

ಪುಸ್ತಕ ಹಿಡಿದು ಜಗಲಿಗೆ ಹೋದವಳು, ಅಜ್ಜಿ ಮೂರು ಸಲ ಊಟಕ್ಕೆ ಕೂಗಿದರೂ ಏಳಲಿಲ್ಲ.