ಮಳೆಗಾಲಕ್ಕೆ ಮುನ್ನ ಮನೆಯ ನೀರಿನ ವ್ಯವಸ್ಥೆ

ನೀರಿನ ಕೊಳವೆ ಸೋರಿದರೆ ಮನೆಯವರಿಗೆ ತೋರುವುದು ನೀರಿನ ನಷ್ಟವೊಂದೇ. ನೀರು ಹೊರಹೋಗುವ ಬಿರುಕಿನಿಂದಲೇ ರೋಗವು ಒಳಬರಬಲ್ಲುದೆಂಬ ವಿಷಯ ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ನಮ್ಮ ಮಹಾನಗರಗಳ ಬಹುತೇಕ ಬಡಾವಣೆಗಳಲ್ಲಿ ನೀರು ಬರುವುದು ದಿನದ ಕೆಲವು ಗಂಟೆ ಮಾತ್ರ. ನೀರು ರಭಸದಿಂದ ಹರಿಯುವಾಗ ಬಿರುಕಿನಿಂದ ಹೊರಕ್ಕೆ ಸೋರುತ್ತದೆ. ಸರಬರಾಜು ನಿಂತಾಗ ಕೊಳವೆಯೊಳಗಿನ ಒತ್ತಡ ತಗ್ಗಿ, ಸುತ್ತಲಿನ ಮಣ್ಣಿನಲ್ಲಿರುವ ಕೊಳಚೆ ಅದೇ ಬಿರುಕಿನ ಮೂಲಕ ಒಳಸೇರುತ್ತದೆ. ನೆಲ ನೆನೆದು ಚರಂಡಿಗಳು ಉಕ್ಕುವ ಮಳೆಗಾಲದಲ್ಲಿ ಈ ಅಪಾಯ ಹೆಚ್ಚು. ಬೀದಿಯಿಂದ ಬರುವ ಕೊಳವೆಗೇ ನೇರವಾಗಿ ಪಂಪು ಜೋಡಿಸಿ ನೀರೆಳೆಯುವವರು ನೆರೆಯವರ ಪಾಲಿನ ನೀರಿನೊಂದಿಗೆ ಇಂತಹ ಕೊಳಚೆಯನ್ನೂ ಎಳೆದುಕೊಳ್ಳುತ್ತಾರೆ. ಮೊದಲು ಬರುವ ನೀರು ಕದಡಿದ್ದರೆ ಅಥವಾ ನಾರುತ್ತಿದ್ದರೆ ಅದನ್ನು ಕುಡಿಯಲು ಹಿಡಿಯದೆ, ಸೋರುವ ಜಾಗವನ್ನು ಹುಡುಕಿಸತಕ್ಕದ್ದು.

ಕೊಳಚೆ ಸೇರಿದ ನೀರು ಏನು ಮಾಡಬಲ್ಲುದೆಂಬುದಕ್ಕೆ ದೆಹಲಿಯ ನಿದರ್ಶನವಿದೆ. 1955ರಲ್ಲಿ ನಜಫ್‌ಗಢ ನಾಲೆಯ ಕೊಳಚೆಯು ಯಮುನೆಯಲ್ಲಿ ನಗರಕ್ಕೆ ನೀರೆತ್ತುವ ಸ್ಥಳವನ್ನು ತಲುಪಿತು. ಅದರ ಫಲವಾಗಿ ಆ ವರ್ಷಾಂತ್ಯ ಹಾಗೂ 1956ರ ಆರಂಭದಲ್ಲಿ ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ವಿಷಮಶೀತ ಜ್ವರ ಮಾತ್ರ ಹೆಚ್ಚಲಿಲ್ಲ. ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ತಡೆದಿದ್ದರೂ ಕಾಮಾಲೆಯ ವೈರಸ್ ಪಾರಾಗಿತ್ತು. ಅದು ಇಂದು ‘ಹೆಪಟೈಟಿಸ್ ಇ’ ಎನ್ನಿಸಿಕೊಂಡಿರುವ ರೋಗ. ಗರ್ಭಿಣಿಯರಿಗೆ ವಿಶೇಷವಾಗಿ ಅಪಾಯಕಾರಿ. ಆದುದರಿಂದ ನೀರಿನ ಬಗ್ಗೆ ಸಂದೇಹವಿದ್ದಾಗ ಕ್ಲೋರಿನ್ ಒಂದನ್ನೇ ನಂಬದೆ ಕುಡಿಯುವ ನೀರನ್ನು ಮರಳುವಂತೆ ಕಾಯಿಸುವುದೇ ಕ್ಷೇಮ.

ಸೋರಿಕೆಯನ್ನು ಕಂಡುಹಿಡಿಯುವುದು ಕಷ್ಟವಲ್ಲ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರಿನ ಅಂಕಿಯನ್ನು ಬರೆದಿಟ್ಟು, ತೊಟ್ಟಿ ತುಂಬುತ್ತಿಲ್ಲದ ಹೊತ್ತಿನಲ್ಲಿ ಮತ್ತೆ ನೋಡಬೇಕು. ಅಂಕಿ ಮುಂದೆ ಸರಿದಿದ್ದರೆ ಎಲ್ಲೋ ಸೋರುತ್ತಿದೆಯೆಂದೇ ಅರ್ಥ. ಇಡೀ ಕಟ್ಟಡಕ್ಕೆ ಒಂದೇ ಮೀಟರಿರುವಲ್ಲಿ ಇದು ಯಾರ ಕೆಲಸವೂ ಅಲ್ಲವೆಂಬಂತಾಗಿರುವುದು ಶೋಚನೀಯ. ಶೌಚದ ಫ್ಲಶ್ ತೊಟ್ಟಿಯಲ್ಲಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದಿಷ್ಟು ಬೆರೆಸಿ ಕಾಲು ಗಂಟೆ ಬಿಟ್ಟು ನೋಡಿದಾಗ, ನೀರು ಬಿಡದೆಯೇ ಕೆಳಗೆ ನೀಲಿ ಇಳಿದಿದ್ದರೆ ಒಳಗಿನ ರಬ್ಬರು ಸವೆದಿದೆ. ತೊಟ್ಟಿಕ್ಕುವ ನಲ್ಲಿಗೆ ಬಹುಮಟ್ಟಿಗೆ ಬೇಕಾಗುವುದು ಕೆಲವೇ ರೂಪಾಯಿಯ ವಾಷರು. ಗಂಟೆಗೆ 1 ಲೀಟರು ಸೋರಿದರೂ ತಿಂಗಳಿಗೆ 720 ಲೀಟರು ಪೋಲಾಗುತ್ತದೆ.

ಮುಂಬಯಿಯಲ್ಲಿ ಜೂನ್ ಹುಟ್ಟುವ ಮೊದಲೇ ನೆಲದಡಿಯ ತೊಟ್ಟಿಯನ್ನೂ ಮಾಳಿಗೆಯ ತೊಟ್ಟಿಯನ್ನೂ ತೊಳೆಸಬೇಕು. ಚೆನ್ನೈಯಲ್ಲಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹೆಚ್ಚು ಮಳೆಯಾದ್ದರಿಂದ ಅಲ್ಲಿಯವರು ಸೆಪ್ಟೆಂಬರಿನಲ್ಲಿ ಈ ಕೆಲಸ ಮುಗಿಸಬಹುದು. ನೆಲದಡಿಯ ತೊಟ್ಟಿಯ ಬಾಯಿ ಅಂಗಳದ ಮಟ್ಟಕ್ಕಿಂತ ಎತ್ತರವಾಗಿರದಿದ್ದರೆ ಮಳೆನೀರು ನೇರವಾಗಿ ಒಳನುಗ್ಗುತ್ತದೆ. ತೊಳೆದು ತುಂಬಿದ ಮೇಲೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಸುಣ್ಣ ತಳಸೇರಿದ ಬಳಿಕ ಮೇಲಿನ ತಿಳಿಯನ್ನಷ್ಟೇ ತೊಟ್ಟಿಗೆ ಬೆರೆಸಿ, ಒಂದು ಗಂಟೆ ಬಿಟ್ಟು ಬಳಸತಕ್ಕದ್ದು. ಮುಚ್ಚಳ ಸರಿಯಾಗಿರದಿದ್ದರೆ ಈ ಶ್ರಮವೆಲ್ಲ ವ್ಯರ್ಥ.

ಹೊಸ ನೀರು ಬಂದೊಡನೆ ನಿನ್ನೆ ಹಿಡಿದಿಟ್ಟದ್ದನ್ನು ‘ಹಳೆಯ ನೀರು’ ಎಂದು ಮೋರಿಗೆ ಸುರಿಯುವ ರೂಢಿ ಹಲವು ಮನೆಗಳಲ್ಲಿದೆ. ಮುಚ್ಚಿಟ್ಟ ಶುದ್ಧ ನೀರು ಒಂದೇ ದಿನದಲ್ಲಿ ಕೆಡುವುದಿಲ್ಲ. ಅದನ್ನು ಕೆಡಿಸುವುದು ಅದರೊಳಗೆ ಅದ್ದುವ ಕೈ. ಹಿಡಿಯುಳ್ಳ ಸೌಟಿನಿಂದ ನೀರು ತೆಗೆದರೆ ಆ ತೊಂದರೆಯೇ ಇಲ್ಲ. ಆದರೆ ಡೆಂಗೆ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂತಹ ಹಂಡೆ, ಪೀಪಾಯಿಗಳಲ್ಲಿಯೇ. ಅದರ ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ಅವುಗಳಲ್ಲಿ ಉಳಿದ ನೀರಿನಿಂದ ನೆಲ ಒರೆಸಿ ಗಿಡಗಳಿಗೆ ಹಾಕಿ, ಪಾತ್ರೆಯ ಒಳಗೋಡೆಯನ್ನು ಉಜ್ಜಿ ತೊಳೆದು, ಒಣಗಿಸಿದ ಮೇಲೆಯೇ ಮತ್ತೆ ತುಂಬಬೇಕು.