ಪೋರ್ಚುಗಲ್‌ನಿಂದ ಪೋರ್ಟ್ ಲಿಂಕನ್‌ಗೆ: ಒಂದು ಸಹಸ್ರಪದಿಯ ಗುರುತು ಮತ್ತು ಹರವು

ದಕ್ಷಿಣ ಆಸ್ಟ್ರೇಲಿಯಾದ ಬಂದರು ಪಟ್ಟಣವಾದ ಪೋರ್ಟ್ ಲಿಂಕನ್‌ನಲ್ಲಿ 1953ರಲ್ಲಿ ಮೊದಲ ಬಾರಿಗೆ ಕಂಡುಬಂದು, ಮುಂದಿನ ಕೆಲವು ದಶಕಗಳಲ್ಲಿ ಆ ಖಂಡದ ದಕ್ಷಿಣ ಭಾಗದ ಅನೇಕ ಊರುಗಳಿಗೆ ಹಬ್ಬಿದ ಕಪ್ಪು ಸಹಸ್ರಪದಿಯೊಂದರ ಚರಿತ್ರೆಯು, ಜೀವಿಯೊಂದನ್ನು ಹೊರಗಿನಿಂದ ಬಂದದ್ದೆಂದು ನಿರ್ಧರಿಸಲು ಎಷ್ಟು ಬಗೆಯ ಸಾಕ್ಷ್ಯಗಳು ಬೇಕಾಗುತ್ತವೆ ಎಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಮಲೆನಾಡಿನವರು ಚೋರಟೆಯೆಂದು ಕರೆಯುವ ಹುಳುಗಳ ವರ್ಗಕ್ಕೇ ಸೇರಿದ ಈ ಜೀವಿಗೆ ಒಮ್ಮಟೊಯುಲಸ್ ಮೊರೆಲೆಟಿ ಎಂಬ ವೈಜ್ಞಾನಿಕ ಹೆಸರಿದೆ; ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಲುಕಾ ಅದನ್ನು 1860ರಲ್ಲಿಯೇ ವಿವರಿಸಿದ್ದನು. ಅದರ ತವರು ಪೋರ್ಚುಗಲ್ ಮತ್ತು ಅದಕ್ಕೆ ತಾಗಿದ ಸ್ಪೇನಿನ ನೈಋತ್ಯ ಭಾಗ.

ಬರಿಗಣ್ಣಿಗೆ ಈ ಹುಳುವಿನಲ್ಲಿ ವಿಶೇಷವೇನೂ ಕಾಣುವುದಿಲ್ಲ. ಬೆಳೆದ ಹುಳುವಿನ ಮೈ ನುಣುಪಾಗಿ, ಉರುಳೆಯಾಕಾರದಲ್ಲಿ, ಎರಡರಿಂದ ನಾಲ್ಕೂವರೆ ಸೆಂಟಿಮೀಟರ್ ಉದ್ದವಿದ್ದು, ಬೂದು ಮಿಶ್ರಿತ ಕಪ್ಪು ಬಣ್ಣದಿಂದ ಕೂಡಿರುತ್ತದೆ. ಎಳೆಯವುಗಳ ಬಣ್ಣ ತಿಳಿಗಂದು. ಆಸ್ಟ್ರೇಲಿಯಾದ ಮೂಲನಿವಾಸಿ ಸಹಸ್ರಪದಿಗಳಲ್ಲಿಯೂ ಇಂತಹ ಉರುಳೆ ಮೈಯವು ಇರುವುದರಿಂದ ಬಣ್ಣ ಮತ್ತು ಅಳತೆಗಳನ್ನು ನಂಬಿ ನಿರ್ಣಯ ಹೇಳುವಂತಿಲ್ಲ. ಸಹಸ್ರಪದಿಗಳ ಬಹುಪಾಲು ಗುಂಪುಗಳಲ್ಲಿ ಜಾತಿಯ ಕೊನೆಯ ನಿರ್ಣಯ ನಿಂತಿರುವುದು ಪ್ರೌಢ ಗಂಡಿನ ಸಂಗಮಪಾದಗಳ ಮೇಲೆ: ಮೈಯ ಏಳನೆಯ ಉಂಗುರದ ಕಾಲುಗಳು ನಡೆಯುವ ಕೆಲಸವನ್ನು ಬಿಟ್ಟು, ವೀರ್ಯವನ್ನು ಹೆಣ್ಣಿಗೆ ದಾಟಿಸುವ ಸೂಕ್ಷ್ಮ ಅಂಗಗಳಾಗಿ ಮಾರ್ಪಟ್ಟಿರುತ್ತವೆ, ಮತ್ತು ಅವುಗಳ ಮಡಿಕೆ, ಮುಳ್ಳು, ಬಾಗುಗಳ ರೂಪ ಒಂದೊಂದು ಜಾತಿಯಲ್ಲಿ ಒಂದೊಂದು ರೀತಿಯಾಗಿರುತ್ತದೆ. ಈ ಅಂಗಗಳನ್ನು ಬಿಡಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಹುಳು ಜೂಲಿಡಾ ಗಣಕ್ಕೆ ಸೇರಿದ್ದೆಂದು ತಿಳಿದರೆ ಅರ್ಧ ಪ್ರಶ್ನೆ ಅಲ್ಲಿಯೇ ಬಗೆಹರಿದಂತಾಗುತ್ತದೆ, ಏಕೆಂದರೆ ಉತ್ತರ ಗೋಳಾರ್ಧದಲ್ಲಿ ಹೇರಳವಾಗಿರುವ ಈ ಗಣದ ಒಂದು ಜಾತಿಯೂ ಆಸ್ಟ್ರೇಲಿಯಾದ ಮೂಲನಿವಾಸಿಯಲ್ಲ.

ಇಲ್ಲಿಯೂ ಒಂದು ತೊಡಕಿದೆ. ಈ ಜಾತಿಯ ಪ್ರೌಢ ಗಂಡು ವಸಂತ ಮತ್ತು ಬೇಸಿಗೆಯ ಅವಧಿಯಲ್ಲಿ ಪೊರೆ ಬಿಟ್ಟು, ಸಂಗಮಪಾದಗಳು ಕುಗ್ಗಿಹೋದ, ಸಂತಾನ ಪಡೆಯಲಾರದ ಒಂದು ನಡುಹಂತಕ್ಕೆ ಸರಿದು, ಶರತ್ಕಾಲ ಸಮೀಪಿಸಿದಾಗ ಮತ್ತೆ ಪೊರೆ ಬಿಟ್ಟು ಪ್ರೌಢ ರೂಪವನ್ನು ಪಡೆಯುತ್ತದೆ. ಆದ್ದರಿಂದ ತಪ್ಪು ಋತುವಿನಲ್ಲಿ ಹಿಡಿದ ಗಂಡು, ತನ್ನ ಗುರುತಿನ ಮುಖ್ಯ ಸಾಕ್ಷ್ಯವನ್ನೇ ಕಳೆದುಕೊಂಡ ಸ್ಥಿತಿಯಲ್ಲಿ ಸಿಗುತ್ತದೆ. ಹುಳುವಿನ ವಯಸ್ಸನ್ನು ತಿಳಿಯುವುದು ಮಾತ್ರ ಇದಕ್ಕಿಂತ ಸುಲಭ, ಮತ್ತು ಅದರ ಕ್ರಮ ಬಹಳ ಸೊಗಸಾಗಿದೆ: ತಲೆಯ ಎರಡೂ ಬದಿಗಳಲ್ಲಿ ಗುಂಪಾಗಿರುವ ಸರಳ ಕಣ್ಣುಗಳಿಗೆ ಪ್ರತಿ ಸಲ ಪೊರೆ ಬಿಟ್ಟಾಗಲೂ ಹೊಸದೊಂದು ಸಾಲು ಸೇರುವುದರಿಂದ, ಆ ಸಾಲುಗಳನ್ನು ಎಣಿಸಿ ಹುಳು ಬೆಳವಣಿಗೆಯ ಯಾವ ಹಂತದಲ್ಲಿದೆ ಎಂದು ಹೇಳಬಹುದು. 1970ರ ದಶಕದಿಂದ ಈ ಜೀವಿಯನ್ನು ಪೋರ್ಚುಗಲ್ ಮತ್ತು ಆಸ್ಟ್ರೇಲಿಯಾ ಎರಡೂ ಕಡೆ ಅಧ್ಯಯನ ಮಾಡಿದ ಜೆಫ್ ಬೇಕರ್ ಅವರು ಅದರ ಜೀವನಚಕ್ರವನ್ನು ಗುರುತಿಸಲು ಈ ಕ್ರಮವನ್ನು ಬಳಸಿಕೊಂಡರು.

ಗುರುತು ಖಚಿತವಾದ ಮೇಲಷ್ಟೇ ನಕ್ಷೆಗೆ ಅರ್ಥ ಬರುತ್ತದೆ. ಈ ಸಹಸ್ರಪದಿ ತನ್ನ ಕಾಲುಗಳನ್ನೇ ನೆಚ್ಚಿ ಸಾಗಿದರೆ ವರ್ಷಕ್ಕೆ ಕೆಲವು ನೂರು ಮೀಟರುಗಳಷ್ಟು ಮಾತ್ರ ಮುಂದೆ ಹೋಗಬಲ್ಲದು. ಆದರೆ ಅಡಿಲೇಡ್ ಸುತ್ತಲಿನ ಬೆಟ್ಟಸಾಲು, ವಿಕ್ಟೋರಿಯಾ, ಕ್ಯಾನ್‌ಬೆರಾ, ಸಮುದ್ರದಾಚೆಯ ಟಾಸ್ಮೇನಿಯಾ, 1986ರಲ್ಲಿ ಪರ್ತ್ ನಗರದ ಅಂಚಿನ ರೋಲಿಸ್ಟೋನ್ ಎಂದು ಚುಕ್ಕೆಗಳು ದೂರದೂರಕ್ಕೆ ಹಾರಿಹಾರಿ ಬಿದ್ದಿವೆ. ಮೂಲನಿವಾಸಿ ಜಾತಿಯೊಂದರ ನೆಲೆ ಸಾಮಾನ್ಯವಾಗಿ ಮಣ್ಣು, ಮಳೆ, ಕಾಡುಗಳನ್ನು ಅನುಸರಿಸಿ ಒಂದೇ ಹಾಸಿನಂತೆ ಹರಡಿರುತ್ತದೆ. ಇದರ ಚುಕ್ಕೆಗಳಾದರೋ ಬಂದರು, ಹೊರವಲಯದ ಬಡಾವಣೆ, ಹೆದ್ದಾರಿಯಂಚುಗಳಲ್ಲಿ ಮೊದಲು ಮೂಡಿ, ಅಲ್ಲಿಂದ ಸುತ್ತಲಿನ ಹುಲ್ಲುಗಾವಲು ಮತ್ತು ಕಾಡುಗಳಿಗೆ ಹಬ್ಬಿವೆ. ಕುಂಡದ ಗಿಡ, ಮಣ್ಣು, ಸೌದೆ, ಹುಲ್ಲಿನ ಹೊರೆ ಮತ್ತು ಮನೆಸಾಮಾನುಗಳ ಸಾಗಾಟವೇ ಅದರ ವಾಹನವಾಗಿದ್ದುದರಿಂದ, ಈ ನಕ್ಷೆಯನ್ನು ಹುಳುವಿನ ಪಯಣದ ನಕ್ಷೆಯೆನ್ನುವುದಕ್ಕಿಂತ ಮನುಷ್ಯರ ಓಡಾಟದ ನಕ್ಷೆಯೆಂದು ಓದುವುದೇ ಸರಿ.

ಇದರಿಂದಾಗುವ ತೊಂದರೆ ಬೆಳೆನಾಶಕ್ಕಿಂತ ಮುಖ್ಯವಾಗಿ ಸಂಖ್ಯೆಯದು. ಶರತ್ಕಾಲದ ಮೊದಲ ಮಳೆಗಳೊಡನೆ ಕೂಡುವ ಮತ್ತು ಮೊಟ್ಟೆಯಿಡುವ ಕಾಲ ಆರಂಭವಾಗಿ, ಹುಳುಗಳು ರಾತ್ರಿಯ ದೀಪಗಳತ್ತ ಸೆಳೆಯಲ್ಪಟ್ಟು ಮನೆಗಳೊಳಗೆ ನುಗ್ಗುತ್ತವೆ; ತುಳಿದರೆ ಕ್ವಿನೋನ್ ಎಂಬ ಘಾಟು ವಾಸನೆಯ ರಾಸಾಯನಿಕಗಳಿರುವ ಹಳದಿ ದ್ರವವನ್ನು ಸ್ರವಿಸಿ ಬಟ್ಟೆಯ ಮೇಲೂ ನೆಲದ ಮೇಲೂ ಕಲೆ ಉಳಿಸುತ್ತವೆ. ಹಳಿಗಳ ಮೇಲೆ ಅರೆಯಲ್ಪಟ್ಟ ಹುಳುಗಳಿಂದ ಗಾಲಿಗಳು ಜಾರಿ ರೈಲುಗಳ ಸಂಚಾರಕ್ಕೆ ಅಡ್ಡಿಯಾದದ್ದೂ ಉಂಟು. 2013ರ ಸೆಪ್ಟೆಂಬರ್‌ನಲ್ಲಿ ಪರ್ತ್ ಬಳಿಯ ಕ್ಲಾರ್ಕ್‌ಸನ್ ನಿಲ್ದಾಣದಲ್ಲಿ ರೈಲೊಂದು ನಿಂತಿದ್ದ ಇನ್ನೊಂದು ರೈಲಿಗೆ ಹಿಂದಿನಿಂದ ಬಡಿದಾಗ, ಹಳಿಗಳ ಮೇಲಿದ್ದ ಈ ಸಹಸ್ರಪದಿಗಳೇ ಕಾರಣವಾಗಿರಬಹುದೆಂದು ಅಧಿಕಾರಿಗಳು ಶಂಕಿಸಿದರು.

ಹೆಸರು ಖಚಿತವಾದುದರ ಇನ್ನೊಂದು ಫಲವೆಂದರೆ ತವರಿನಲ್ಲಿ ಅದರ ಶತ್ರುಗಳನ್ನು ಹುಡುಕಲು ಸಾಧ್ಯವಾದದ್ದು. ಪೋರ್ಚುಗಲ್‌ನಲ್ಲಿ ಈ ಸಹಸ್ರಪದಿಯ ಒಡಲೊಳಗೆ ತನ್ನ ಮರಿಹುಳುವನ್ನು ಬೆಳೆಸುವ ಪೆಲಿಡ್ನಾಪ್ಟೆರಾ ನೈಗ್ರಿಪೆನಿಸ್ ಎಂಬ ನೊಣವನ್ನು ದೀರ್ಘ ಪರೀಕ್ಷೆಯ ನಂತರ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಬಿಡಲಾಯಿತಾದರೂ ಅದು ಅಲ್ಲಿ ನೆಲೆಯೂರಲಿಲ್ಲ. ಪರದೇಶಿ ಹುಳುವಿಗೆ ಎದುರಾಳಿ ದೊರೆತದ್ದು ಆಸ್ಟ್ರೇಲಿಯಾದ ಮಣ್ಣಿನಲ್ಲಿಯೇ. ಸ್ಥಳೀಯ ಸಹಸ್ರಪದಿಗಳೊಂದಿಗೆ ಬದುಕಿಕೊಂಡಿದ್ದ ರಾಬ್ಡೈಟಿಸ್ ನೆಕ್ರೊಮೆನಾ ಎಂಬ, ದಾರದೆಳೆಯಂತಹ ಸೂಕ್ಷ್ಮ ದುಂಡುಹುಳುವು ಪೋರ್ಚುಗಲ್‌ನಿಂದ ಬಂದ ಈ ಅತಿಥಿಯ ಒಡಲನ್ನು ಹೊಕ್ಕು ಅದನ್ನು ಕೊಲ್ಲಬಲ್ಲದೆಂದು ಕಂಡುಬಂದುದರಿಂದ, ಅದನ್ನು ಬೆಳೆಸಿ ಹಾವಳಿಯಿದ್ದ ಪ್ರದೇಶಗಳಲ್ಲಿ ಹರಡಲಾಯಿತು. ಅಡಿಲೇಡ್ ಬೆಟ್ಟಸಾಲಿನಲ್ಲಿ ಹುಳುಗಳ ಸಂಖ್ಯೆ ಮೊದಲಿನ ಹಾವಳಿಯ ವರ್ಷಗಳಿಗೆ ಹೋಲಿಸಿದರೆ ಬಹಳ ಇಳಿದಿದ್ದು, ಆ ಇಳಿಕೆಗೆ ಈ ದುಂಡುಹುಳು ಒಂದು ಕಾರಣವೆಂದು ಸಂಶೋಧಕರು ಪರಿಗಣಿಸಿದ್ದಾರೆ.