ಗಿಟಾರಿನ ಕುತ್ತಿಗೆಯ ಜೋಡಣೆಯೂ ಬೆಲೆಯೂ

ಕೈಯಿಂದ ತಯಾರಾಗುವ ಎಲೆಕ್ಟ್ರಿಕ್ ಗಿಟಾರುಗಳ ಬೆಲೆಯಲ್ಲಿ, ಕುತ್ತಿಗೆಯನ್ನು ಒಡಲಿಗೆ ಕೂಡಿಸುವ ಕ್ರಮಕ್ಕೆ ಗಣನೀಯ ಪಾಲಿದೆ. ಅಮೆರಿಕದ ಫೆಂಡರ್ ಸಂಸ್ಥೆಯು 1950ರಲ್ಲಿಯೇ ನಾಲ್ಕು ತಿರುಪುಗಳಿಂದ ಕುತ್ತಿಗೆಯನ್ನು ಬಿಗಿಯುವ ವಿಧಾನವನ್ನು ಅನುಸರಿಸಿತು. ಎರಡು ಭಾಗಗಳನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಬಹುದು. ಕುತ್ತಿಗೆ ಕೆಟ್ಟರೆ ಕಳಚಿ ಬೇರೊಂದನ್ನು ಹಾಕಬಹುದು. ಗಿಬ್ಸನ್ ಸಂಸ್ಥೆಯ 1952ರ ಲೆಸ್ ಪಾಲ್ ಮಾದರಿಯಲ್ಲಾದರೋ ಕುತ್ತಿಗೆಯ ಬುಡವನ್ನು ಒಡಲಲ್ಲಿ ಕೊರೆದ ಕುಳಿಯೊಳಗೆ ಕೂರಿಸಿ ಅಂಟಿಸಲಾಯಿತು. ಅಂಟು ಒಣಗಿದ ಬಳಿಕ ಕೋನದ ತಪ್ಪನ್ನು ತಿದ್ದುವುದು ಬಲು ಕಷ್ಟ. ಗ್ರಾಹಕನು ತೆರುವ ಹೆಚ್ಚಿನ ಬೆಲೆಯು ಬಹುಮಟ್ಟಿಗೆ ಈ ಶ್ರಮಕ್ಕೂ ಅಪಾಯಕ್ಕೂ ಸಲ್ಲುವಂಥದು. ಅಂಟಿನಿಂದಲೇ ನಾದವು ಉತ್ತಮಗೊಳ್ಳುವುದೆಂಬ ಮಾತು ಇನ್ನೂ ವಿವಾದಾಸ್ಪದ.

ಹಾಗೆಂದು ತಿರುಪಿನ ಜೋಡಣೆಯನ್ನು ಕೀಳೆಂದು ಬಗೆದು ಅಗ್ಗಕ್ಕೆ ಮಾರಬೇಕಿಲ್ಲ. 1971ರಲ್ಲಿ ಫೆಂಡರ್ ತನ್ನ ಸ್ಟ್ರಾಟೊಕಾಸ್ಟರ್ ಮಾದರಿಗೆ ಮೂರು ತಿರುಪುಗಳ ಜೋಡಣೆಯನ್ನು ತಂದಿತು. ಆ ಕಾಲದಲ್ಲಿ ಕುಳಿಯನ್ನು ಸಡಿಲವಾಗಿ ಕೊರೆದಿದ್ದ ಗಿಟಾರುಗಳಲ್ಲಿ ಕುತ್ತಿಗೆ ಪಕ್ಕಕ್ಕೆ ಜರುಗುತ್ತಿತ್ತು. ದೋಷ ಕುಳಿಯದು, ಅಪಕೀರ್ತಿ ತಿರುಪಿಗೆ! ಹಳೆಯ ಗಿಟಾರುಗಳ ಪೇಟೆಯಲ್ಲಿ 1950ರ ದಶಕದ ನಾಲ್ಕು ತಿರುಪಿನವಕ್ಕೆ ಇವುಗಳಿಗಿಂತ ಎಷ್ಟೋ ಪಾಲು ಹೆಚ್ಚು ಬೆಲೆಯುಂಟು.

ಸಣ್ಣ ತಯಾರಕನು ಬೆಲೆ ಕೇಳಬೇಕಾದುದು ಕುಳಿಯ ನಿಖರತೆಗೆ. ತಿರುಪು ಹಾಕುವ ಮೊದಲೇ ಕುತ್ತಿಗೆಯನ್ನು ಹಿಡಿದೆತ್ತಿ, ಒಡಲು ಕಳಚಿ ಬೀಳದಿರುವುದನ್ನು ನುರಿತ ಕುಶಲಕರ್ಮಿಗಳು ಹಲವರು ಗ್ರಾಹಕನೆದುರಿಗೇ ತೋರಿಸುತ್ತಾರೆ.